ನಾಯಕರ ಮನೆಯ ಹೆಣ್ಣುಮಕ್ಕಳ ಲೆಕ್ಕ ಕೇಳುವವರು ಯಾರು?

ವಿಧಾನಸಭೆಗೋ ಲೋಕಸಭೆಗೋ ನಿಲ್ಲುವವರು ನಾಮಪತ್ರದ ಜೊತೆ ಆಸ್ತಿಯ ಪ್ರಮಾಣಪತ್ರ ಕೊಡಬೇಕು. ಸುಪ್ರೀಂ ಕೋರ್ಟು 2002 ಮತ್ತು 2003ರಲ್ಲಿ ಕೊಟ್ಟ ತೀರ್ಪುಗಳಿಂದ ಬಂದ ನಿಯಮವಿದು. ಹೆಂಡತಿಯ ಹೆಸರಿನ ಹೊಲ, ಮನೆ, ಠೇವಣಿ, ಬಂಗಾರ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಆದರೆ ಗಂಡನ ರಾಜಕೀಯಕ್ಕೆ ಆ ಹೆಣ್ಣುಮಗಳ ಒಪ್ಪಿಗೆ ಇದೆಯೇ, ಅದಕ್ಕಾಗಿ ಆಕೆ ಏನೇನು ಕಳೆದುಕೊಂಡಿದ್ದಾಳೆ ಎಂದು ಯಾವ ಕಾಗದವೂ ಕೇಳುವುದಿಲ್ಲ.

ಜನರಾದ ನಾವೂ ಕೇಳುವುದಿಲ್ಲ. ನಮ್ಮ ಕೇಶ್ವಾಪುರದಂಥ ಬಡಾವಣೆಯಲ್ಲಿ ರಾಜಕಾರಣಿಯ ಮನೆಯೆಂದರೆ ಬೆಳಗಾಗುವ ಮೊದಲೇ ಜನ. "ಸಾಹೇಬ್ರು ಅದಾರೇನ್ರಿ?" ಎಂದು ಬಂದವರಿಗೆಲ್ಲ ಒಳಗಿನಿಂದ ಚಹಾ ಬರಬೇಕು. ಮಗುವಿಗೆ ಜ್ವರವಿರಲಿ, ಮನೆಯಾಕೆಗೇ ಮೈ ಸರಿಯಿಲ್ಲದಿರಲಿ, ಚಹಾ ತಪ್ಪಿದರೆ "ಅಕ್ಕಾರಿಗೆ ಭಾಳ ಸೊಕ್ಕು" ಎಂಬ ಮಾತು ಓಣಿಯಲ್ಲಿ ಹಬ್ಬುತ್ತದೆ. ಮಕ್ಕಳು ಪರೀಕ್ಷೆಗೆ ಓದುವುದೂ ಇದೇ ಗದ್ದಲದಲ್ಲಿ. ಅಪ್ಪ ಸೋತರೆ ಶಾಲೆಯಲ್ಲಿ ಅಣಕಿಸಿಕೊಳ್ಳುವವರೂ ಅವರೇ.

ನಮ್ಮದೇ ಜಿಲ್ಲೆಯ ಕುಂದಗೋಳವನ್ನು ನೆನಪಿಸಿಕೊಳ್ಳಿ. ಪೌರಾಡಳಿತ ಸಚಿವರಾಗಿದ್ದ ಸಿ.ಎಸ್. ಶಿವಳ್ಳಿಯವರು 2019ರ ಮಾರ್ಚ್ 22ರಂದು ಹೃದಯಾಘಾತದಿಂದ ತೀರಿಕೊಂಡರು. ಮೇ 19ಕ್ಕೆ ಉಪಚುನಾವಣೆಯ ಮತದಾನ. ಕಾಂಗ್ರೆಸ್ ಪಕ್ಷ ಅವರ ಪತ್ನಿ ಕುಸುಮಾ ಶಿವಳ್ಳಿಯವರನ್ನೇ ಕಣಕ್ಕಿಳಿಸಿತು. ಗಂಡನನ್ನು ಕಳೆದುಕೊಂಡು ಎರಡು ತಿಂಗಳು ತುಂಬುವುದರೊಳಗೆ ಅವರು ಜನರೆದುರು ನಿಂತು ಮತ ಕೇಳಬೇಕಾಯಿತು. 1,601 ಮತಗಳಿಂದ ಗೆದ್ದರು, 2023ರವರೆಗೆ ಶಾಸಕಿಯಾಗಿದ್ದರು. ಅವರ ಧೈರ್ಯ ದೊಡ್ಡದು. ಒಬ್ಬ ಹೆಣ್ಣುಮಗಳು ಸದನಕ್ಕೆ ಹೋದದ್ದು ಒಳ್ಳೆಯದೇ. ನನ್ನ ತಕರಾರು ಎಲ್ಲ ಪಕ್ಷಗಳ ಬಗ್ಗೆ, ನಮ್ಮ ಬಗ್ಗೆ. ಗಂಡ ಬದುಕಿರುವಾಗ ಚಹಾ ಮಾಡಲು, ಸತ್ತ ಮೇಲೆ ಅನುಕಂಪದ ಮತ ತರಲು ಮಾತ್ರ ರಾಜಕಾರಣಿಯ ಮನೆಯ ಹೆಣ್ಣು ನಮಗೆ ನೆನಪಾಗುವುದೇಕೆ? ಆಕೆಗೆ ಕೂತು ಅಳುವಷ್ಟು ದಿನಗಳನ್ನೂ ನಾವು ಬಿಡುವುದಿಲ್ಲವೇಕೆ?

ಶಾಸಕರ ಮನೆಯ ಮಾತು ನಮಗೇಕೆ ಎನ್ನಬೇಡಿ. ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಇದೇ ಸಂಕಟ ಸಂಘದ ಸದಸ್ಯೆಯರ ಮನೆಗೂ ಬರುತ್ತದೆ. ನಿಲ್ಲುವವನು ಗಂಡ, ಸಾಲ ಮಾತ್ರ ಹೆಂಡತಿಯ ಹೆಸರಿನಲ್ಲಿ. ಬೋರಮಾಳ, ಪಾಟ್ಲಿ ಅಡವಿಗೆ ಹೋಗುತ್ತವೆ. ಅದೂ ಸಾಲದಿದ್ದರೆ "ತವರಮನಿಯಿಂದ ತಗೊಂಡು ಬಾ" ಎಂಬ ಒತ್ತಾಯ. ಸೋತ ರಾತ್ರಿ ಕುಡಿತ, ಹೊಡೆತ. ಗೆದ್ದರೆ ಇನ್ನೂ ಕಷ್ಟ. ಠಾಣೆಯಲ್ಲಿ ಗಂಡನ ಪರಿಚಯದವರೇ ಇರುತ್ತಾರೆ. "ಅವರ ಮರ್ಯಾದಿ ಪ್ರಶ್ನಿ ಐತಿ, ಮನಿಯಾಗ ಬಗಿಹರಿಸ್ಕೋರಿ" ಎಂದು ತಿರುಗಿ ಕಳಿಸುತ್ತಾರೆ. ಊರಿಗೆ ನ್ಯಾಯ ಹೇಳುವವನ ಮನೆಯಲ್ಲೇ ಅನ್ಯಾಯವಾದರೆ ಆಕೆ ಹೇಳಿಕೊಳ್ಳುವುದು ಯಾರ ಹತ್ತಿರ?

ಕಾನೂನು ನಮ್ಮ ಕಡೆ ಇದೆ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ತವರಿನಿಂದ ಹಣ ತಾ ಎಂದು ಪೀಡಿಸುವುದು ಅಪರಾಧ, ಹಣ ಚುನಾವಣೆಗೆಂದು ಕೇಳಿದರೂ ಅಷ್ಟೇ. ನಮಗೆ ಗೊತ್ತಿದ್ದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಠಾಣೆಗೆ ಹೋಗಲು ಅಂಜಿಕೆಯಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೆ ಸಂರಕ್ಷಣಾಧಿಕಾರಿಯ ಬಳಿಗೋ, ನೇರವಾಗಿ ಮ್ಯಾಜಿಸ್ಟ್ರೇಟರ ಬಳಿಗೋ ಹೋಗಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು.

ಆದರೆ ಒಂಟಿ ಹೆಣ್ಣಿಗೆ ಕಾನೂನಿನ ಬಾಗಿಲು ದೂರ. ಅಲ್ಲಿಯವರೆಗೆ ಜೊತೆಗೆ ನಡೆಯುವವರು ಬೇಕು. ಸಹೋದರಿಯರೇ, ಚುನಾವಣೆಯ ಹೊತ್ತಿನಲ್ಲಿ ಸದಸ್ಯೆಯೊಬ್ಬಳು ಸಾಲ ಕೇಳಿದರೆ ಸಹಿಗೆ ಮೊದಲು ಆಕೆಯೊಬ್ಬಳನ್ನೇ ಕೂಡಿಸಿಕೊಂಡು ವಿಚಾರಿಸಿ: ಈ ಸಾಲ ಯಾರಿಗೆ, ತೀರಿಸುವವರು ಯಾರು? ಮತ ಕೇಳಲು ಬಂದವರನ್ನೂ ವಿಚಾರಿಸಿ: ಮನೆಯಾಕೆಯ ಒಪ್ಪಿಗೆ ಪಡೆದಿದ್ದೀರಾ? ಆಕೆಯ ಬಂಗಾರ ಎಲ್ಲಿದೆ? ಸ್ವಂತ ಮನೆಯ ಹೆಣ್ಣಿನ ಮಾತಿಗೆ ಬೆಲೆ ಕೊಡದವರು ನಮ್ಮ ಮಾತಿಗೆ ಬೆಲೆ ಕೊಟ್ಟಾರೆಯೇ?