ಚಮತ್ಕಾರದ ಅರ್ಥಶಾಸ್ತ್ರ ಯಾರ ಹೊಟ್ಟೆ ತುಂಬೀತು?

2005ರಲ್ಲಿ ಅಮೆರಿಕದಲ್ಲಿ ‘ಫ್ರೀಕನಾಮಿಕ್ಸ್’ ಎಂಬ ಪುಸ್ತಕ ಹೊರಬಿತ್ತು. ಬರೆದವರು ಷಿಕಾಗೋ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮತ್ತು ಪತ್ರಕರ್ತ ಸ್ಟೀಫನ್ ಡಬ್ನರ್. ಲಕ್ಷಗಟ್ಟಲೆ ಪ್ರತಿಗಳು ಮಾರಿದವು. ಲೋಕವೆಲ್ಲ ಹೌದೆಂದದ್ದನ್ನು ಅಲ್ಲವೆನ್ನುವುದೇ ಪಾಂಡಿತ್ಯವೆಂದು ಬಗೆದ ಪುಸ್ತಕಗಳ ಸಾಲೇ ಅದರ ಹಿಂದೆ ಬಂತು. ಸುಮೋ ಜಟ್ಟಿಗಳು ಬೇಕೆಂದೇ ಸೋಲುವರೇ, ಮನೆ ದಲ್ಲಾಳಿ ತನ್ನ ಸ್ವಂತ ಮನೆಯನ್ನು ಹೆಚ್ಚು ಬೆಲೆಗೆ ಮಾರುವನೇ ಎಂಬವು ಅಲ್ಲಿನ ಪ್ರಶ್ನೆಗಳು. ಕುತೂಹಲಕ್ಕೆ ನಮ್ಮ ವಿರೋಧವಿಲ್ಲ. ಜಟ್ಟಿಗಳ ಒಳಒಪ್ಪಂದ 2011ರಲ್ಲಿ ಜಪಾನಿನಲ್ಲಿ ಬಯಲಾಗಿ, ಲೆವಿಟ್ಟರ ಅನುಮಾನ ನಿರಾಧಾರವಲ್ಲವೆಂದು ತಿಳಿಯಿತು. ಅಂಕಿಗಳನ್ನು ಕೈಯಲ್ಲಿ ಹಿಡಿದೂ ಯಾವ ಪ್ರಶ್ನೆಯನ್ನು ಕೇಳದೆ ಬಿಟ್ಟರು ಎಂಬುದೇ ನಮ್ಮ ತಕರಾರು.

ಷಿಕಾಗೋದ ಒಂದು ಮಾದಕವಸ್ತು ತಂಡದ ಜಮಾಖರ್ಚಿನ ಪುಸ್ತಕ ಸಮಾಜಶಾಸ್ತ್ರಜ್ಞ ಸುಧೀರ್ ವೆಂಕಟೇಶರ ಕೈಗೆ ಬಂತು. ಬೀದಿಯಲ್ಲಿ ನಿಂತು ಮಾಲು ಮಾರುವ ಹುಡುಗನಿಗೆ ಗಂಟೆಗೆ 3.30 ಡಾಲರ್, ಆ ದೇಶದ ಕನಿಷ್ಠ ಕೂಲಿಗಿಂತಲೂ ಕಡಿಮೆ. ಅವನ ನಾಯಕನಿಗೆ ಸುಮಾರು 66 ಡಾಲರ್, ಎಂದರೆ ಇಪ್ಪತ್ತು ಪಟ್ಟು. ನಾಲ್ಕು ವರ್ಷ ಈ ಕೆಲಸದಲ್ಲಿದ್ದರೆ ನಾಲ್ವರಲ್ಲಿ ಒಬ್ಬನ ಜೀವ ಹೋಗುವ ಸಂಭವ. ತಂಡದ ವ್ಯವಸ್ಥೆ ಮ್ಯಾಕ್‌ಡೊನಾಲ್ಡ್ಸ್ ಕಂಪನಿಯಂತೆಯೇ ಇದೆಯೆಂದು ಪುಸ್ತಕ ಬೆರಗುಪಡುತ್ತದೆ. ಬೆರಗೇನು ಬಂತು? ಮೇಲಿನವನಿಗೆ ಲಾಭ, ಕೆಳಗಿನವನಿಗೆ ಅಪಾಯ ಎಂಬುದು ಗಿರಣಿಯ ಮಜೂರನಿಗೆ ಯಾವ ಪುಸ್ತಕವೂ ಕಲಿಸಬೇಕಾಗಿಲ್ಲದ ಪಾಠ. ಅದನ್ನು ಬಹುಮಾನಕ್ಕಾಗಿ ನಡೆಯುವ ಪಂದ್ಯವೆಂದು ಕರೆದು ಪಂಡಿತರು ಮುಂದೆ ನಡೆದರು. ಬಹುಮಾನವನ್ನೆಲ್ಲ ಕೆಲವೇ ಕೈಗಳಲ್ಲಿ ಇಟ್ಟವರಾರೆಂದು ಕೇಳುವುದು ಅವರ ಶಾಸ್ತ್ರದಲ್ಲಿಲ್ಲ.

ಇನ್ನೊಂದು ಕಥೆ ಇಸ್ರೇಲಿನ ಹೈಫಾ ನಗರದ್ದು. ಸಂಜೆ ಮಕ್ಕಳನ್ನು ತಡವಾಗಿ ಕರೆದೊಯ್ಯುವ ತಂದೆತಾಯಿಗಳಿಗೆ ಕೆಲವು ಶಿಶುವಿಹಾರಗಳು 10 ಶೆಕೆಲ್ ದಂಡ ಹಾಕಿದವು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಇಮ್ಮಡಿಯಾದರು. ದಂಡ ತೆಗೆದ ಮೇಲೂ ಹಳೆಯ ರೂಢಿ ಮರಳಲಿಲ್ಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಮೊದಲ ಅಧ್ಯಾಯದಲ್ಲೇ ಹೇಳಿದವರು, ಮನುಷ್ಯನನ್ನು ನಡೆಸುವುದು ಆಮಿಷವೆಂದು ಪುಸ್ತಕದುದ್ದಕ್ಕೂ ಸಾರುತ್ತಾರೆ! ಇದರ ನಿಜವಾದ ಅರ್ಥ ಕಿರಾಣಿ ಅಂಗಡಿಯವನಿಗೆ ಗೊತ್ತು. ಉದ್ರಿ ಬರೆಸಿದವನು ಬಟವಾಡೆಯ ದಿನ ಮಾತು ಉಳಿಸಿಕೊಳ್ಳಲು ಬರುತ್ತಾನೆ. ಅದಕ್ಕೆ ಬಡ್ಡಿ ಹಚ್ಚಿದ ದಿನ ಮಾತಿನ ಭಾರ ಇಳಿದು, ‘ಬಡ್ಡಿ ಕೊಡುತ್ತೇನಲ್ಲ’ ಎಂಬ ಧೈರ್ಯ ಬರುತ್ತದೆ. ಐದು ನಿಮಿಷ ತಡವಾದವನ ಕೂಲಿ ಕತ್ತರಿಸುವ ಮಾಲೀಕನಿಗೆ ಈ ಪಾಠವನ್ನು ಯಾವ ಪಂಡಿತನೂ ಓದಿ ಹೇಳುವುದಿಲ್ಲ.

ಚಮತ್ಕಾರದ ಆತುರದಲ್ಲಿ ಲೆಕ್ಕವೂ ತಪ್ಪುತ್ತದೆ. ಗರ್ಭಪಾತ ಕಾನೂನುಬದ್ಧವಾದದ್ದೇ 1990ರ ದಶಕದಲ್ಲಿ ಅಪರಾಧ ಇಳಿದುದಕ್ಕೆ ದೊಡ್ಡ ಕಾರಣವೆಂದು ಲೆವಿಟ್ ಮತ್ತು ಡೊನೊಹ್ಯೂ 2001ರಲ್ಲಿ ವಾದಿಸಿದ್ದರು. ಅದರ ಗಣನೆಯಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆಯೆಂದು 2005ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ತೋರಿಸಿದರು. ಲೇಖಕರು ದೋಷ ಒಪ್ಪಿದರು, ಸಿದ್ಧಾಂತ ಬಿಡಲಿಲ್ಲ. ಪುಸ್ತಕ ಮಾರಾಟ ಮಾತ್ರ ನಿಲ್ಲಲಿಲ್ಲ.

2008ರಲ್ಲಿ ಲೇಮನ್ ಬ್ರದರ್ಸ್ ದಿವಾಳಿಯೆದ್ದು ಜಗತ್ತಿನ ದುಡಿಯುವವರ ತಲೆಯ ಮೇಲೆ ಸಂಕಟ ಬಿತ್ತು. ಮರುವರ್ಷ ಇದೇ ಜೋಡಿಯ ಎರಡನೆಯ ಪುಸ್ತಕ ಬಂತು. ಭೂಮಿಯ ತಾಪಕ್ಕೆ ಅದು ಮೆಚ್ಚಿದ ಮದ್ದು, ಕೊಳವೆಯಿಂದ ಆಕಾಶಕ್ಕೆ ಗಂಧಕದ ಅನಿಲ ಬಿಡುವುದು! ಹೊಗೆ ಕಾರುವ ಧಣಿಯ ಕೂದಲೂ ಕೊಂಕಬಾರದಲ್ಲವೇ?

ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ, ಇಂಥ ಪುಸ್ತಕಗಳನ್ನು ಓದಬೇಡಿರೆಂದು ನಾವು ಹೇಳುವುದಿಲ್ಲ. ಓದಿರಿ, ನಗಿರಿ. ಆದರೆ ಪುಸ್ತಕ ಮುಚ್ಚುವ ಮುನ್ನ, ಕೂಲಿಯನ್ನು ಗೊತ್ತುಮಾಡಿದವರು ಯಾರು, ಲಾಭ ಹೋದದ್ದು ಎಲ್ಲಿಗೆ ಎಂದು ಕೇಳಿರಿ. ಆ ಪ್ರಶ್ನೆಗೆ ಉತ್ತರ ಕೊಡದ ಅರ್ಥಶಾಸ್ತ್ರ ಸಂತೆಯ ದೊಂಬರಾಟ. ನೋಡಲು ಚೆನ್ನ, ಒಲೆಯ ಮೇಲಿನ ಮಡಕೆ ಮಾತ್ರ ಖಾಲಿ.