ಏಕಮಾನ ಬರೆಯದ ಉತ್ತರ



ಲೆಕ್ಕದ ಉತ್ತರದ ಮುಂದೆ ಏಕಮಾನ ಬರೆಯದಿದ್ದರೆ ನಾನು ಅರ್ಧ ಅಂಕ ಕಳೆಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. "ಹನ್ನೆರಡು ಎಂದರೆ ಏನಯ್ಯ? ಹನ್ನೆರಡು ಸೇರೋ, ಹನ್ನೆರಡು ಮೈಲಿಯೋ?" ಎಂದು ಕೇಳಿ ನಿಮ್ಮನ್ನು ಗೋಳುಹೊಯ್ದುಕೊಂಡದ್ದೂ ಉಂಟು. ಆ ಅರ್ಧ ಅಂಕದ ಬೆಲೆ ಮೊನ್ನೆ ನನಗೇ ಹೊಸದಾಗಿ ಅರಿವಾಯಿತು.

ನಮ್ಮ ಗೊಟ್ಟಿಗೆರೆಯಲ್ಲಿ, ಬನ್ನೇರುಘಟ್ಟ ರಸ್ತೆಯ ಬದಿಗೆ, ನನ್ನ ಶಿಷ್ಯನೊಬ್ಬ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಮದುವೆಯ ವಿಡಿಯೋಗಳನ್ನು ಒಂದೇ ಕಡೆ ಇಟ್ಟು ಎರಡು ಕಂಪ್ಯೂಟರ್‌ಗಳಿಂದ ಬಳಸಬೇಕೆಂದು ಕೈಸಾಲ ಮಾಡಿ, ಹಾರ್ಡ್‌ಡಿಸ್ಕ್‌ಗಳನ್ನು ಜೋಡಿಸಿದ ಪೆಟ್ಟಿಗೆಯೊಂದನ್ನು ಕೊಂಡ. "ಇದು ಸಾಟಾ, ಸೆಕೆಂಡಿಗೆ 6 ಗಿಗಾ" ಎಂದರಂತೆ ಅಂಗಡಿಯವರು. ಒಂದು ಮದುವೆಯ ವಿಡಿಯೋ 400 ಗಿಗಾಬೈಟ್. 400ನ್ನು 6ರಿಂದ ಭಾಗಿಸಿ, ಒಂದು ನಿಮಿಷ ಚಿಲ್ಲರೆಯ ಕೆಲಸವೆಂದು ಎಣಿಸಿದ. ರಾತ್ರಿ ನಕಲು ಮಾಡಲು ಹಾಕಿದ್ದು ಬೆಳಗಾದರೂ ಮುಗಿದಿರಲಿಲ್ಲ. ಮದುವೆಯ ಮನೆಯವರಿಗೆ ಕೊಟ್ಟ ಮಾತು ತಪ್ಪಿತು. "ಮೇಷ್ಟ್ರೇ, ನನ್ನ ಭಾಗಾಕಾರ ಎಲ್ಲಿ ತಪ್ಪಿತು ಹೇಳಿ" ಎನ್ನುತ್ತ ನನ್ನೆದುರು ಬಂದು ಕುಳಿತ.

ಭಾಗಾಕಾರ ಸರಿಯಾಗಿಯೇ ಇತ್ತು. ಏಕಮಾನ ತಪ್ಪಿತ್ತು. ಕಾಗದ ಪೆನ್ಸಿಲು ಹಿಡಿದು ಇಬ್ಬರೂ ಮತ್ತೆ ಲೆಕ್ಕ ಮಾಡಿದೆವು.

ಮೊದಲನೆಯದಾಗಿ, ವೇಗವನ್ನು ಹೇಳಿದ್ದು ಬಿಟ್‌ಗಳಲ್ಲಿ, ಕಡತವನ್ನು ಅಳೆದದ್ದು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನಲ್ಲಿ ಚಿಕ್ಕ 'ಬಿ' ಬರೆದರೆ ಬಿಟ್, ದೊಡ್ಡ 'ಬಿ' ಬರೆದರೆ ಬೈಟ್. ಬಾಯಲ್ಲಿ ಹೇಳುವಾಗ ಎರಡೂ 'ಎಂಬಿಪಿಎಸ್' ಆಗಿಬಿಡುತ್ತವೆ. ನಮ್ಮ ಲಿಪಿಯಲ್ಲಿ ಚಿಕ್ಕಕ್ಷರ ದೊಡ್ಡಕ್ಷರಗಳ ಭೇದವಿಲ್ಲದ ಕಾರಣ ಪೂರ್ಣ ಪದವನ್ನೇ ಬರೆಯುವುದು ಕ್ಷೇಮ.

ಎರಡನೆಯದು ಇನ್ನೂ ಸೂಕ್ಷ್ಮ. 6 ಗಿಗಾಬಿಟ್ಟನ್ನು 8ರಿಂದ ಭಾಗಿಸಿದರೆ 750 ಮೆಗಾಬೈಟ್ ಬರಬೇಕಷ್ಟೆ? ಸಾಟಾದಲ್ಲಿ ಸಿಗುವ ಮಿತಿ 600 ಮಾತ್ರ. ಪ್ರತಿ 8 ಬಿಟ್ ಮಾಹಿತಿಯನ್ನು 10 ಬಿಟ್‌ಗಳ ಸಂಕೇತವಾಗಿ ಮಾರ್ಪಡಿಸಿ ತಂತಿಯ ಮೇಲೆ ಕಳುಹಿಸುವುದರಿಂದ ಅಲ್ಲಿ 10ರಿಂದ ಭಾಗಿಸಬೇಕು. ನೆಟ್‌ವರ್ಕ್ ಕೇಬಲ್ಲಿನ ಈಥರ್ನೆಟ್‌ನಲ್ಲಾದರೋ 1 ಗಿಗಾಬಿಟ್ ಎನ್ನುವಾಗ ಈ ಸಂಕೇತದ ಹೊರೆಯನ್ನು ಮೊದಲೇ ಕಳೆದಿರುತ್ತಾರೆ. ಅಲ್ಲಿ 8ರಿಂದ ಭಾಗಿಸಿದರೆ 125 ಮೆಗಾಬೈಟ್. ಎಂದರೆ ಸಾಟಾದ 6 ಗಿಗಾಬಿಟ್ ನೆಟ್‌ವರ್ಕಿನ ಭಾಷೆಯಲ್ಲಿ 4.8 ಗಿಗಾಬಿಟ್ ಅಷ್ಟೇ. ಒಬ್ಬರು ತುಪ್ಪವನ್ನು ಡಬ್ಬಿ ಸಮೇತ ತೂಗಿದ್ದಾರೆ, ಇನ್ನೊಬ್ಬರು ಡಬ್ಬಿಯ ತೂಕ ಕಳೆದು ಹೇಳಿದ್ದಾರೆ.

ಮೂರನೆಯದು, 600 ಎಂಬುದು ದಾರಿಯ ಅಗಲ. ತಿರುಗುವ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ ಅದರ ಅರ್ಧದಷ್ಟೂ ಓಡಲಾರದು. ಸಾಲದ್ದಕ್ಕೆ ಇವನ ಸ್ಟುಡಿಯೋದಲ್ಲಿ ಕಂಪ್ಯೂಟರ್‌ಗಳನ್ನು ಜೋಡಿಸಿದ್ದ ಹಳೆಯ ಸ್ವಿಚ್ 100 ಮೆಗಾಬಿಟ್‌ನದು. ಅದರ ಮೂಲಕ ಸೆಕೆಂಡಿಗೆ 12.5 ಮೆಗಾಬೈಟ್, ವಾಸ್ತವದಲ್ಲಿ ಸುಮಾರು 11. ಆ ಲೆಕ್ಕದಲ್ಲಿ 400 ಗಿಗಾಬೈಟ್‌ಗೆ ಹತ್ತು ಗಂಟೆ ತಗಲುತ್ತದೆ. ಗಿಗಾಬಿಟ್ ಸ್ವಿಚ್ ಇದ್ದಿದ್ದರೆ ಒಂದು ಗಂಟೆ ಸಾಕಾಗುತ್ತಿತ್ತು. ಸಾಲ ಮಾಡಿ ಕೊಂಡ ಪೆಟ್ಟಿಗೆಗಿಂತ ಬಹಳ ಅಗ್ಗದ ಒಂದು ಸ್ವಿಚ್ಚು ಅವನ ಮಾತನ್ನು ಉಳಿಸುತ್ತಿತ್ತು.

ಅಂಗಡಿಯವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. 6 ಎಂಬ ಅಂಕಿ ಸತ್ಯವೇ. ಆದರೆ ಏಕಮಾನವಿಲ್ಲದ ಸತ್ಯ ಕೊಳ್ಳುವವನಿಗೆ ಉಪಯೋಗಕ್ಕೆ ಬರುವುದಿಲ್ಲ. ಪೊಟ್ಟಣದಲ್ಲಿ ಮಾರುವ ಬೇಳೆಯ ಮೇಲೆ ಹೊದಿಕೆಯ ತೂಕ ಬಿಟ್ಟು ನಿವ್ವಳ ತೂಕ ಮುದ್ರಿಸಬೇಕೆಂದು 2011ರ ಕಾನೂನು ಮಾಪನ ನಿಯಮಗಳು ವಿಧಿಸುತ್ತವೆ. ಅರ್ಧ ಕಿಲೋ ಬೇಳೆಗೆ ಇರುವ ಈ ರಕ್ಷಣೆ ಸಾವಿರಾರು ರೂಪಾಯಿಯ ಯಂತ್ರದ ವೇಗಕ್ಕೂ ಇರಬೇಕು. "ಸೆಕೆಂಡಿಗೆ ಗರಿಷ್ಠ ಇಷ್ಟು ಮೆಗಾಬೈಟ್" ಎಂದು ನಿವ್ವಳ ವೇಗವನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿಯೂ ಬರೆಯಲಿ ಎಂಬುದು ನನ್ನ ಅಭಿಮತ. ಮನೆಗೆ ಇಂಟರ್ನೆಟ್ ಕೊಡುವವರಿಗೂ ಇದೇ ಮಾತು ಸಲ್ಲುತ್ತದೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2004ರಲ್ಲಿ 256 ಕಿಲೋಬಿಟ್ ಸಾಕಿತ್ತು, 2023ರಲ್ಲಿ ಆ ಕನಿಷ್ಠ ವೇಗ 2 ಮೆಗಾಬಿಟ್ ಆಯಿತು. ಎರಡನೆಯದೂ ಸೆಕೆಂಡಿಗೆ 250 ಕಿಲೋಬೈಟ್ ಎಂದು ಎಷ್ಟು ಮಂದಿ ಬಲ್ಲರು?

"ಈ ಲೆಕ್ಕ ಜನಸಾಮಾನ್ಯರಿಗೆ ಕಷ್ಟ" ಎನ್ನುವವರಿದ್ದಾರೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ನಾನು ಚಿಕ್ಕ ಹುಡುಗ. ಒಂದು ಆಣೆಗೆ ಆರು ಕಾಲು ನಯಾಪೈಸೆ. ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ಶಾಲೆಯ ಮೆಟ್ಟಿಲನ್ನೇ ಹತ್ತದ ನನ್ನಜ್ಜಿ ಸೊಪ್ಪಿನವಳೊಡನೆ ವಾದಿಸಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ದುಡ್ಡು ತಮ್ಮದಾಗಿದ್ದರಿಂದ ಕಲಿತರು. ಇಂದಿನ ಮಕ್ಕಳಿಗೆ ಏಳನೆಯ ತರಗತಿಯಲ್ಲಿ ಲೀಟರು, ಕಿಲೋಗ್ರಾಂಗಳ ಜೊತೆಗೆ ಬಿಟ್ಟು ಬೈಟುಗಳ ಲೆಕ್ಕವನ್ನೂ ಕೊಟ್ಟರೆ ಒಂದು ವಾರದ ಪಾಠವೂ ಆಗದು.

ನಿಮ್ಮಲ್ಲಿ ಎಷ್ಟೋ ಮಂದಿ ಇಂದು ಕಂಪ್ಯೂಟರ್ ಕಂಪನಿಗಳಲ್ಲಿದ್ದೀರಿ, ಕೆಲವರು ಶಿಕ್ಷಕರಾಗಿದ್ದೀರಿ. ಮುಂದಿನ ಬಾರಿ ಯಾರಿಗಾದರೂ ವೇಗ ಹೇಳುವಾಗ ಬಿಟ್ಟೋ ಬೈಟೋ ಎಂಬುದನ್ನೂ ಸೇರಿಸಿ ಹೇಳಿ. ನನ್ನ ಶಿಷ್ಯ ಗಿಗಾಬಿಟ್ ಸ್ವಿಚ್ ಹಾಕಿಸಿದ್ದಾನೆ, ಮದುವೆಯ ಮನೆಯವರ ಕ್ಷಮೆಯನ್ನೂ ಕೇಳಿದ್ದಾನೆ. ಹೊರಡುವಾಗ, "ಅಂದು ನೀವು ಅರ್ಧ ಅಂಕ ಕಳೆದಾಗ ಮನಸ್ಸಿನಲ್ಲಿ ಬಯ್ದುಕೊಂಡಿದ್ದೆ ಮೇಷ್ಟ್ರೇ" ಎಂದ. ಅದು ನನಗೆ ಆಗಲೇ ಗೊತ್ತಿತ್ತು ಎಂದೆ.