ಕಿರೀಟ ಬಿಟ್ಟು ಸೆರಗು ನೋಡೋಣ

ರಾಜರಾಣಿಯರ ಸಿನಿಮಾ ಒಂದು ಗೆದ್ದರೆ ಸಾಕು, ಅದರ ನಾಯಕಿಯ ರವಿಕೆ, ಓಲೆ ಮದುವೆಮನೆಗಳಿಗೆ ಬಂದುಬಿಡುತ್ತವೆ. 2008ರ ‘ಜೋಧಾ ಅಕ್ಬರ್’ ನೆನಪಿಸಿಕೊಳ್ಳಿ. ನಮ್ಮ ರಾವಂದೂರಿನಲ್ಲೂ ಮೊಬೈಲ್ ತೋರಿಸಿ ‘ಸೇಮ್ ಹಿಂಗೇ ಹೊಲ್ಕೊಡಿ’ ಎನ್ನುವವರಿದ್ದಾರೆ. ತೊಡುವವರು ಹಾಗೆ ಕೇಳಲಿ, ತಪ್ಪೇನಿಲ್ಲ. ಫ್ಯಾಷನ್ ಸ್ಕೆಚ್ ಬರೆಯುವ ನಮ್ಮಂಥವರೂ ಅದನ್ನೇ ಮಾಡಿದರೆ ಹೇಗೆ?

ಪರದೆಯ ಮೇಲಿನ ಉಡುಪು ಇತಿಹಾಸವಲ್ಲ. ಯಾರೋ ಒಬ್ಬ ವಿನ್ಯಾಸಕರು ಯೋಚಿಸಿ ಮುಗಿಸಿದ ಕೆಲಸ. ಅದನ್ನು ಹಾಳೆಗಿಳಿಸಿದರೆ ಕೈ ಪಳಗುತ್ತದೆ, ಅಷ್ಟೆ. ಅವರು ಅದನ್ನು ಎಲ್ಲಿಂದ ತಂದರು ಎಂದು ಹುಡುಕಲು ಹೊರಟಾಗ ನಮ್ಮ ಕೆಲಸ ಶುರು.

ಇದು ನನಗೆ ಹೊಳೆದದ್ದು ಗಿರೀಶ ಕಾಸರವಳ್ಳಿಯವರ ‘ತಾಯಿ ಸಾಹೇಬ’ (1997) ನೋಡಿದಾಗ. ಸ್ವಾತಂತ್ರ್ಯದ ಹಿಂದುಮುಂದಿನ ಉತ್ತರ ಕರ್ನಾಟಕದ ದೊಡ್ಡ ಮನೆಯೊಂದರ ಕಥೆ. ಕತ್ತಿ, ಕಿರೀಟ ಯಾವುದೂ ಇಲ್ಲ. ಆದರೂ ವಸ್ತ್ರವಿನ್ಯಾಸಕ್ಕಾಗಿ ವೈಶಾಲಿ ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ದಿನಾ ಉಡುವ ಬಟ್ಟೆಗೂ ಕಾಲ ಯಾವುದು, ಮನೆ ಎಂಥದ್ದು ಎಂದು ಹೇಳುವ ಶಕ್ತಿ ಇದೆ.

ಆ ಸೀಮೆಯ ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಸಾಂಪ್ರದಾಯಿಕ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಎಳೆಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುವುದಕ್ಕೆ ‘ಕೊಂಡಿ’ ಎನ್ನುತ್ತಾರೆ. ಅಂದರೆ ಸೆರಗನ್ನು ಹೊಲಿದು ಅಂಟಿಸಿದ್ದಲ್ಲ, ಮಗ್ಗದಲ್ಲೇ ಸೇರಿಸಿದ್ದು. ಇನ್ನು ಕಸೂತಿ. ಅದರಲ್ಲಿ ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ವಾಪಸು ಬಂದು, ಬಿಟ್ಟ ಜಾಗ ತುಂಬುತ್ತದೆ. ಬಟ್ಟೆಯ ಎರಡೂ ಬದಿ ಒಂದೇ ಚಿತ್ತಾರ. ಗ್ರಾಫ್ ಹಾಳೆಯಲ್ಲಿ ಆ ದಾರಿ ಗುರುತಿಸುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯದು. (ಎಂಜಿನಿಯರಿಂಗ್ ಡ್ರಾಯಿಂಗ್ ತರಗತಿ ಹೀಗಿದ್ದಿದ್ದರೆ!) ಸ್ಕೆಚ್ಚಿಗೆ ಬೇಕಾದದ್ದು ಇಂಥ ಜೋಡಣೆಯ ಗುಟ್ಟು. ಅದು ಸಿಕ್ಕರೆ ಕುರ್ತಾಗೂ ತರಬಹುದು, ಜಾಕೆಟ್ಟಿಗೂ ತರಬಹುದು.

ಅಷ್ಟು ದೂರವೂ ಬೇಕಿಲ್ಲ. ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ ಹೆಂಗಸರು ಚುಬಾ ಉಡುತ್ತಾರೆ, ಮದುವೆಯಾದವರು ಅದರ ಮುಂದೆ ಪಟ್ಟೆಪಟ್ಟೆಯ ಪಾಂಗ್ದೆನ್ ಕಟ್ಟುತ್ತಾರೆ. ಕಾವೇರಿ ದಾಟಿದರೆ ಕೊಡಗು. ನೆರಿಗೆ ಹಿಂದಕ್ಕೆ ಬರುವ ಸೀರೆ, ಗಂಡಸರ ಕುಪ್ಯ, ಸೊಂಟಕ್ಕೆ ಕೆಂಪು ಚೇಲೆ. ಬಸ್ ಚಾರ್ಜಿನಲ್ಲಿ ಮುಗಿಯುವ ಪಾಠ. ಕೇಳದೆ ಯಾರನ್ನೂ ಚಿತ್ರಿಸಬೇಡಿ, ಅಷ್ಟೆ.

‘ಬಿಇ ಓದೋರಿಗೆ ಇದೆಲ್ಲ ಯಾಕೆ?’ ಎಂದು ಮನೆಯಲ್ಲಿ ಕೇಳುತ್ತಾರೆ. ಹೊಗೆಸೊಪ್ಪು ಮಾರಿದ ದುಡ್ಡಿನಲ್ಲಿ ಫೀಸು ಕಟ್ಟುವ ಮನೆಯಲ್ಲಿ ಅದು ಹಗುರವಾದ ಪ್ರಶ್ನೆಯಲ್ಲ. ಪದವಿ ಮುಗಿಸಿದ ಎಂಜಿನಿಯರುಗಳೂ ನಿಫ್ಟ್‌ನ ಸ್ನಾತಕೋತ್ತರ ಕೋರ್ಸಿಗೆ ಪ್ರವೇಶ ಪರೀಕ್ಷೆ ಬರೆಯಬಹುದು, ಬೆಂಗಳೂರಿನಲ್ಲೇ ಅದರ ಕ್ಯಾಂಪಸ್ ಇದೆ ಎಂದು ಹೇಳಿದ್ದೇನೆ. ಅಲ್ಲಿ ನಾಯಕಿಯ ಲೆಹೆಂಗಾದ ನಕಲು ತೋರಿಸಿದರೆ ಯಾರು ತಿರುಗಿ ನೋಡಿಯಾರು? ಕೊಂಡಿ ಅರ್ಥವಾದವರ ಹಾಳೆಯೇ ಬೇರೆ.

ಅಪ್ಪ ಇನ್ನೂ ಒಪ್ಪಿಲ್ಲ. ಸೆಮಿಸ್ಟರ್ ರಜೆಯಲ್ಲಿ ಇಳಕಲ್‌ಗೆ ಹೋಗಿ ಮಗ್ಗದ ಮುಂದೆ ಒಂದು ದಿನ ಕೂರುವುದಕ್ಕೆ ಮಾತ್ರ ‘ಹೋಗ್ ಬಾ’ ಎಂದಿದ್ದಾರೆ.